ಈರಬಡಕ್ಕ ಕೆರೆಯ ಕತೆ ಹೇಳಿದ್ದು

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಹಾಲುಹಲ್ಲು ಮೂಡಿರದ ಕಾಲದಲ್ಲಿ, ಮುತ್ತುಗದಕಟ್ಟೆ ಅಂತ ಒಂದೂರಿತ್ತಂತೆ. ಆ ಊರಲ್ಲಿ ಈರಬಡಕ್ಕ ಅಂತ ಒಬ್ಬಳಿದ್ದಳಂತೆ, ಮಂಡಕ್ಕಿ ಹುರಿಯುವವಳು. ಅವಳು ಹುರಿದ ಮಂಡಕ್ಕಿಯನ್ನು ಮಳೆಗಾಲದಲ್ಲಿ ಬಾಗಿಲ ಬಳಿ ಮರೆತು ಬಂದರೂ ಮಾರನೇ ದಿನ ಕುರುಕುರು ಅನ್ನುತ್ತಿತ್ತಂತೆ. ನಿಜವೋ ಸುಳ್ಳೋ, ನಾನಂತೂ ತಿಂದಿಲ್ಲ.

ಆದರೆ ಈರಬಡಕ್ಕನಿಗೆ ಮಾತು ತೊದಲು. ಒಂದು ಮಾತು ಹೊರಗೆ ಬರಬೇಕಾದರೆ ಕುತ್ತಿಗೆಯ ನರ ಉಬ್ಬುತ್ತಿತ್ತು, ಕಣ್ಣು ಮುಚ್ಚಿಹೋಗುತ್ತಿತ್ತು. ಅವಳು "ಮ... ಮ..." ಅನ್ನುವಷ್ಟರಲ್ಲಿ ಎದುರಿಗಿದ್ದವರು "ಮಳೆನಾ? ಮಣ್ಣಾ?" ಅಂತ ತಾವೇ ಮುಗಿಸಿಬಿಡುತ್ತಿದ್ದರಂತೆ. ಹಾಗಾಗಿ ಅವಳು ಮಾತಾಡುವುದನ್ನೇ ಬಿಟ್ಟಳು. ಎಷ್ಟು ಸೇರು ಅಂದರೆ ಬೆರಳು ತೋರಿಸುವುದು, ಇಲ್ಲ ಅನ್ನಲು ಸೌಟು ಆಡಿಸುವುದು. ಹೊರಗಿನವರು ಅವಳನ್ನು ಮೂಗಿ ಅಂತಲೇ ತಿಳಿದಿದ್ದರಂತೆ. ಭಟ್ಟಿಯ ಮುಂದೆ ಕಾಯುತ್ತಾ ಕೂತ ಜನ ತಮ್ಮ ತಮ್ಮಲ್ಲೇ ಊರಿನ ಹಳೆಯದು ಹೊಸದು ಎಲ್ಲ ಹರಟುತ್ತಿದ್ದರು. ಅವಳು ಹುರಿಯುತ್ತಾ ಕೇಳುತ್ತಿದ್ದಳು.

ಹೀಗಿರುವಾಗ ಕೆರೆಯ ಜಗಳ ಬಂತು. ಪಕ್ಕದ ಕಗ್ಗಲಗುಂಟೆಯವರು ಮುತ್ತುಗದಕಟ್ಟೆಯ ಕೆರೆ ತಮ್ಮದು ಅಂದರು. ಎರಡೂ ಊರಿನ ಗಂಡಸರು ಗುದ್ದಲಿ ಹಿಡಿದು ಏರಿಯ ಮೇಲೆ ಎದುರುಬದುರು ನಿಂತರು. ಹೊಡೆದಾಟ ಆಗುವ ಮೊದಲೇ ಆ ಸೀಮೆಗೆಲ್ಲ ನ್ಯಾಯ ಹೇಳುವ ನಾಡಗೌಡ ಬಂದನಂತೆ.

ಆ ಕಾಲದ ನ್ಯಾಯವೇ ಒಂದು ಥರ. ಕೆರೆ ಯಾರದೋ ಅವರಿಗೆ ಅದರ ಕತೆ ಗೊತ್ತಿರಬೇಕು. ಕೆರೆ ಈಗ ಯಾರ ಕೈಲಿದೆಯೋ ಆ ಊರಿನ ಒಬ್ಬರು ಕೆರೆಯ ನೀರಲ್ಲಿ ನಿಂತು, ಏರಿಗೆ ಮೊದಲ ಬುಟ್ಟಿ ಮಣ್ಣು ಬಿದ್ದಲ್ಲಿಂದ ಇವತ್ತಿನವರೆಗೂ ಹೇಳಬೇಕು. ಅವರ ಊರಿನವರು ನಡುವೆ ಒಂದೇ ಒಂದು ಮಾತು ಎತ್ತಿಕೊಟ್ಟರೂ ಕೆರೆ ಕೈಬಿಟ್ಟಿತು. ಹೇಳುವವರು ಯಾರು ಅನ್ನುವುದನ್ನು ಮಾತ್ರ ಎದುರಿನ ಊರು ಆರಿಸಬೇಕು.

ಕಗ್ಗಲಗುಂಟೆಯವರು ಯೋಚನೆಯನ್ನೇ ಮಾಡಲಿಲ್ಲವಂತೆ. "ಮಂಡಕ್ಕಿ ಈರಬಡಕ್ಕ ಹೇಳಲಿ" ಅಂದರು. ಬರುವ ಹುಣ್ಣಿಮೆಗೆ ಅಂತ ದಿನ ಗೊತ್ತುಮಾಡಿದರು.

ಮುತ್ತುಗದಕಟ್ಟೆಯವರು ಕೆರೆ ಹೋಯಿತು ಅಂತಲೇ ಮನೆಗೆ ಬಂದರು. ಈರಬಡಕ್ಕ ಭಟ್ಟಿ ಹಚ್ಚಲಿಲ್ಲ, ಬಾಗಿಲು ಹಾಕಿಕೊಂಡು ಕೂತಳು. ಆಗ ಸಣ್ಣಜ್ಜಿ ಅನ್ನುವ ಕುರುಡಿ ಮುದುಕಿ ಕೋಲೂರಿಕೊಂಡು ಬಂದು, ಅಲ್ಲಿ ಸೇರಿದ್ದವರಿಗೆ ಯಾರೂ ಕೇಳಿರದ ಸುದ್ದಿ ಹೇಳಿದಳಂತೆ.

"ಅವಳು ನನ್ನ ಹತ್ರ ದಿನಾ ಮಾತಾಡ್ತಾಳಲ್ರಪ್ಪ."

ಜನ ನಂಬಲಿಲ್ಲ. ಮುದುಕಿ ವಿವರಿಸಿದಳು. ತನಗೆ ಬೆರಳು ತೋರಿಸಿದರೆ ಕಾಣುತ್ತದೆಯೇ, ಸೌಟು ಆಡಿಸಿದರೆ ಕಾಣುತ್ತದೆಯೇ. ಈರಬಡಕ್ಕ ಬಾಯಲ್ಲೇ ಹೇಳಬೇಕು.

"ನೀನೇನು ಮಾಡ್ತೀಯಜ್ಜಿ, ಮಂತ್ರ ಹಾಕ್ತೀಯಾ?" ಅಂತ ಕೇಳಿದ ಬೋರಣ್ಣ. ಊರಲ್ಲೆಲ್ಲ ಅವನೇ ದೊಡ್ಡ ಮಾತುಗಾರ.

"ಏನಿಲ್ಲ. ಹೂಂ ಅಂತೀನಿ. ಆಮೇಲೆ ಸುಮ್ಕಿರ್ತೀನಿ."

ಅವತ್ತಿನಿಂದ ಊರು ಭಟ್ಟಿಯ ಮುಂದೆ ಸೇರತೊಡಗಿತು. ಈರಬಡಕ್ಕ ಕಲಿಯುವುದೇನೂ ಇರಲಿಲ್ಲ, ಕೆರೆಯ ಕತೆ ಅವಳಿಗೆ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಕಲಿಯಬೇಕಾದವರು ಊರಿನವರು. ಅವಳು ಒಂದು ಅಕ್ಷರದ ಮೇಲೆ ನಿಂತರೆ ಸಾಕು, ಹತ್ತು ಬಾಯಿ ಅದನ್ನು ಮುಗಿಸುತ್ತಿದ್ದವು. ಒಂದು ಸಂಜೆ ಅವಳು ಸೌಟು ಎಸೆದು ಎದ್ದಳಂತೆ.

"ನ... ನನ್ನ ಮಾತು ನ... ನನಗೆ ಬಿಡಿ" ಅಂದಳಂತೆ.

ಊರಿನವರ ಮುಂದೆ ಅವಳು ಪೂರ್ತಿ ಆಡಿದ ಮೊದಲ ಮಾತು ಅದೇ ಅಂತಾರೆ. ಬೋರಣ್ಣ ಅವತ್ತಿನಿಂದ, ಬಾಯಿ ತೆರೆಯದ ಹಾಗೆ, ಒಂದು ಇಡೀ ಗೋಟಡಿಕೆಯನ್ನು ದವಡೆಗೆ ಒತ್ತಿಕೊಂಡು ಕೂರುತ್ತಿದ್ದನಂತೆ. ನಿಧಾನಕ್ಕೆ ಜನ ಕಾಯುವುದನ್ನು ಕಲಿತರು. ಅವಳು ಹೇಳುವುದು, ಇವರು ಹೂಂ ಅನ್ನುವುದು. ಅವಳು ನಿಂತರೆ ಇವರೂ ನಿಲ್ಲುವುದು. ಒಂದು ಕಡೆ ಮಾತ್ರ ಹಿರಿಯರು ಅವಳನ್ನು ತಡೆದರು. ಹಿಂದೊಮ್ಮೆ ಏರಿ ಒಡೆದಾಗ ಕಗ್ಗಲಗುಂಟೆಯವರೂ ಗಾಡಿಗಟ್ಟಲೆ ಕಲ್ಲು ತಂದು ಸುರಿದಿದ್ದರು. "ಅದೊಂದನ್ನ ಬಿಟ್ಟುಬಿಡವ್ವ, ಕೆರೆ ಕಳಕೊಂಡೇವು" ಅಂದರು. ಅವಳು ತಲೆ ಆಡಿಸಲಿಲ್ಲ, ಹೂಂ ಅನ್ನಲೂ ಇಲ್ಲ.

ಹುಣ್ಣಿಮೆಯ ಬೆಳಗ್ಗೆ ಅವಳು ಮೊಣಕಾಲುದ್ದ ನೀರಿಗಿಳಿದಳಂತೆ. ಒಂದು ದಡದಲ್ಲಿ ಮುತ್ತುಗದಕಟ್ಟೆ, ಇನ್ನೊಂದು ದಡದಲ್ಲಿ ಕಗ್ಗಲಗುಂಟೆ, ನಡುವೆ ಕಲ್ಲಿನ ಮೇಲೆ ನಾಡಗೌಡ. ಅವಳು ಬಾಯಿ ತೆರೆದಳು. ಮೊದಲ ಮಾತೇ ಸಿಕ್ಕಿಕೊಂಡಿತು. ಎದುರು ದಡದಲ್ಲಿ ನಕ್ಕರು. ಈ ದಡದಲ್ಲಿ ಸಣ್ಣಜ್ಜಿ "ಹೂಂ" ಅಂದಳು. ಊರೆಲ್ಲ "ಹೂಂ" ಅಂದಿತು.

ಕಗ್ಗಲಗುಂಟೆಯವರು ಕೂಡಲೇ ತಕರಾರು ಎತ್ತಿದರಂತೆ, ಮಾತು ಎತ್ತಿಕೊಡುತ್ತಿದ್ದಾರೆ ಅಂತ. ನಾಡಗೌಡ ಸ್ವಲ್ಪ ಹೊತ್ತು ಮೀಸೆ ತೀಡಿದ.

"ಹೂಂ ಅನ್ನೋದು ಮಾತು ಹೇಳಿದಂಗಲ್ಲ, ಕೇಳಿದಂಗೆ. ಕೇಳಬೇಡಿ ಅಂತ ನಾನು ಹೆಂಗೆ ಅನ್ನಲಿ? ನೀನು ಹೇಳವ್ವ."

ಅವಳು ಹೇಳಿದಳು. ಮಣ್ಣು ಹೊತ್ತವರ ಹೆಸರು ಹೇಳಿದಳು, ತೂಬಿಗೆ ಕಲ್ಲು ಕಡಿದವನು ಯಾವ ಊರಿನಿಂದ ಬಂದ ಅಂತ ಹೇಳಿದಳು. ನೆರಳು ಕಾಲಬುಡಕ್ಕೆ ಬಂತು. ನಕ್ಕವರು ನಗು ನಿಲ್ಲಿಸಿ, ಮುಂದೇನಾಯಿತು ಅಂತ ನೀರಿನ ಹತ್ತಿರಕ್ಕೆ ಸರಿದಿದ್ದರಂತೆ. ಆಗ ಏರಿ ಒಡೆದ ಜಾಗ ಬಂತು. "ಆಗ ಕಲ್ಲು ತಂದವರು ಕ... ಕ..." ಅಂತ ನಿಂತಳು.

ಬೋರಣ್ಣ ಕಣ್ಣು ಮುಚ್ಚಿ ಅಡಿಕೆ ಕಚ್ಚಿದನಂತೆ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಬೇಕಿದ್ದರೆ ಅವಳು ಅದನ್ನು ದಾಟಿ ಹೋಗಬಹುದಿತ್ತು. ಕೆರೆ ಹೋದರೂ ಹೋಯಿತು ಅಂತಲೋ ಏನೋ, ಸಣ್ಣಜ್ಜಿ ಮೊದಲು "ಹೂಂ" ಅಂದಳು. ಆಮೇಲೆ ಒಬ್ಬೊಬ್ಬರಾಗಿ ಊರಿನವರು ಅಂದರು.

"ಕಗ್ಗಲಗುಂಟೆಯವರು" ಅಂದಳು ಈರಬಡಕ್ಕ.

ಆಗ ಎದುರು ದಡದಿಂದ "ಹೂಂ" ಅಂತ ಒಂದು ದನಿ ಬಂತಂತೆ. ಕಗ್ಗಲಗುಂಟೆಯ ಒಬ್ಬ ಮುದುಕ, ಮೈಮರೆತು ಅಂದುಬಿಟ್ಟಿದ್ದ. ಯಾರೂ ಅವನನ್ನು ಗದರಲಿಲ್ಲ. ಉಳಿದ ಕತೆಗೆ ಎರಡೂ ದಡಗಳು ಹೂಂ ಅಂದವು ಅಂತಾರೆ.

ಕೆರೆ ಮುತ್ತುಗದಕಟ್ಟೆಯದು, ತುಂಬಿ ಹರಿಯುವ ಕೋಡಿಯ ನೀರು ಕಗ್ಗಲಗುಂಟೆಯದು ಅಂತ ನಾಡಗೌಡ ತೀರ್ಪು ಕೊಟ್ಟ. ಈರಬಡಕ್ಕ ನೀರಲ್ಲೇ ಕೂತುಬಿಟ್ಟಳಂತೆ, ಸೀರೆ ನೆನೆದದ್ದೂ ಗೊತ್ತಾಗದೆ. ಅವತ್ತಿಗೇ ಅವಳ ತೊದಲು ಹೋಯಿತು ಅಂತ ಕೆಲವರು ಹೇಳುತ್ತಾರೆ. ಕಡೆಯವರೆಗೂ ತೊದಲುತ್ತಲೇ ಇದ್ದಳು, ಆದರೆ ದಿನವಿಡೀ ಮಾತಾಡುತ್ತಿದ್ದಳು ಅಂತ ಇನ್ನು ಕೆಲವರು. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ.

ಈಗಲೂ ಬೇಸಿಗೆಯಲ್ಲಿ ಏರಿಗೆ ಮಣ್ಣು ಹಾಕುವ ದಿನ ಎರಡೂ ಊರಿನವರು ಸೇರುತ್ತಾರೆ. ಕಗ್ಗಲಗುಂಟೆಯವರು ಮುತ್ತುಗದಕಟ್ಟೆಯ ಒಬ್ಬರನ್ನು ಆರಿಸುತ್ತಾರೆ, ಅವರು ನೀರಿಗಿಳಿದು ಕತೆ ಹೇಳುತ್ತಾರೆ. ಹೋದ ವರ್ಷ ಆರಿಸಿದ್ದು ಆಗಷ್ಟೇ ಸೊಸೆಯಾಗಿ ಬಂದವಳನ್ನು. ಅವಳಿಗೆ ಕತೆ ಸರಿಯಾಗಿ ಗೊತ್ತಿರಲಿಲ್ಲ. ನಡುವೆ ಮರೆತು, ಸೆರಗು ಹಿಡಿದು ನಿಂತುಬಿಟ್ಟಳು. ಯಾರೂ ಎತ್ತಿಕೊಡಲಿಲ್ಲ, ಯಾರೂ ಎದ್ದು ಹೋಗಲಿಲ್ಲ. ಬುಟ್ಟಿ, ಗುದ್ದಲಿ ಕೆಳಗಿಟ್ಟು, ಎರಡೂ ದಡದಲ್ಲಿ ಜನ ಹೂಂ ಅಂದು ಕಾದರು.