ಮಾತು ಮರೆತ ಪೆಟ್ಟಿಗೆ

ಬರ್ರಿ ಮಕ್ಕಳಾ, ಹತ್ರ ಕೂತು ಕೇಳ್ರಿ.

ಗುಡ್ಡದ ತುದಿಗೆ ಒಂದು ನೀರಿನ ಟಾಕಿ. ಟಾಕಿ ಕಾಯೋಳು ಫಕೀರವ್ವ. ಅವಳು ಒಬ್ಬಳೇ. ಅವಳಿಗೊಂದು ಆಡು. ಟಾಕಿ ಮೇಲೊಂದು ಪುಟ್ಟ ಪೆಟ್ಟಿಗೆ. ಪೆಟ್ಟಿಗೆಗೊಂದು ಹಸಿರು ದೀಪ. ನೀರು ತುಂಬಿದರೆ ಮೂರು ಸಲ ಮಿಣ್, ಮಿಣ್, ಮಿಣ್. ನೀರು ಇಳಿದರೆ ಒಂದೇ ಸಲ, ಮಿಣ್. ಪೆಟ್ಟಿಗೆ ಹಾಗೆ ಕೆಳಗಿನ ಪಂಪಿಗೆ ಸುದ್ದಿ ಹೇಳ್ತಿತ್ತು. ಫಕೀರವ್ವ ದಿನವಿಡೀ ಅದನ್ನೇ ನೋಡ್ತಿದ್ದಳು. ನೋಡೋಕೆ ಬೇರೆ ಯಾರಿದ್ದರು?

ಒಂದು ದಿನ ಸಿಡಿಲು ಬಡಿಯಿತು. ದೀಪ ಆರಿತು. ಟಾಕಿ ಬತ್ತಿತು. ಆಡು ಮ್ಯಾ ಅಂದಿತು.

ಫಕೀರವ್ವ ಪೆಟ್ಟಿಗೆ ಬಿಚ್ಚಿ ಉಡಿಯಲ್ಲಿ ಕಟ್ಟಿಕೊಂಡಳು. ಒಬ್ಬಳೇ ನಡೆದಳು. ಪಂಪು ನೋಡಿಕೊಳ್ಳೋ ಮುದಕಪ್ಪನ ಹತ್ತಿರ ಹೋದಳು.

"ಯಪ್ಪಾ, ದೀಪ ಆರಿತು. ಟಾಕಿ ಬತ್ತಿತು. ನೀರು ಬಿಡೋ."

"ಒಲ್ಲೆ. ಪೆಟ್ಟಿಗೆ ಹೇಳದ ಹೊರತು ಪಂಪು ಏಳಂಗಿಲ್ಲಬೇ."

ಫಕೀರವ್ವ ಒಬ್ಬಳೇ ನಡೆದಳು. ರಿಪೇರಿ ಮಾಡೋ ಗೌಸನ ಹತ್ತಿರ ಹೋದಳು.

"ತಮ್ಮಾ, ದೀಪ ಆರಿತು. ಟಾಕಿ ಬತ್ತಿತು. ಮುದಕಪ್ಪ ಒಲ್ಲೆ ಅಂದ. ಪೆಟ್ಟಿಗೆ ರಿಪೇರಿ ಮಾಡೋ."

"ಒಲ್ಲೆ. ಪೆಟ್ಟಿಗೆ ಮಾತು ಮರತೈತಿ. ಮಾತು ಕಲಿಸೋ ಪ್ರೋಗ್ರಾಂ ನನ್ನ ಕಡೆ ಇಲ್ಲಬೇ."

ಫಕೀರವ್ವ ಒಬ್ಬಳೇ ನಡೆದಳು. ಪೆಟ್ಟಿಗೆ ಮಾರಿದ ಸಾವ್ಕಾರನ ಹತ್ತಿರ ಹೋದಳು.

"ಸಾವ್ಕಾರ್ರ, ದೀಪ ಆರಿತು. ಟಾಕಿ ಬತ್ತಿತು. ಮುದಕಪ್ಪ ಒಲ್ಲೆ ಅಂದ. ಗೌಸ ಒಲ್ಲೆ ಅಂದ. ಪ್ರೋಗ್ರಾಂ ಕೊಡ್ರಿ."

"ಒಲ್ಲೆ. ಅದು ನಮ್ಮ ಬೀಗದಾಗ ಐತಿ. ಆ ಪೆಟ್ಟಿಗೆ ಹಳೇದಾತು. ಒಗದುಬಿಡು."

ಫಕೀರವ್ವ ಉಡಿ ಬಿಗಿ ಹಿಡಿದಳು. ಒಬ್ಬಳೇ ನಡೆದಳು. ಐಟಿಐ ಸಾಲಿಯಲ್ಲಿ ಕಲಿಸೋ ದಾನಮ್ಮ ಅಕ್ಕೋರ ಹತ್ತಿರ ಹೋದಳು.

"ಅಕ್ಕೋರ, ದೀಪ ಆರಿತು. ಟಾಕಿ ಬತ್ತಿತು. ಮುದಕಪ್ಪ ಒಲ್ಲೆ ಅಂದ. ಗೌಸ ಒಲ್ಲೆ ಅಂದ. ಸಾವ್ಕಾರ ಒಲ್ಲೆ ಅಂದ. ನೀವೂ ಒಲ್ಲೆ ಅಂತೀರೇನ್ರಿ?"

"ಇಲ್ಲ ಯವ್ವಾ. ನಮ್ಮ ಪ್ರೋಗ್ರಾಂಗೆ ಬೀಗ ಇಲ್ಲ. ಊರೂರಿನ ಮಂದಿ ಕೂಡಿ ಬರದೀವಿ. ಯಾರು ಬೇಕಾದ್ರೂ ಒಯ್ಯಬಹುದು. ಆದ್ರ ನಿನ್ನ ಪೆಟ್ಟಿಗೆ ಹೆಂಗ ಮಾತಾಡ್ತಿತ್ತು? ಅದು ನಮಗ ಯಾರಿಗೂ ಗೊತ್ತಿಲ್ಲ."

"ನನಗ ಗೊತ್ತೈತ್ರಿ," ಅಂದಳು ಫಕೀರವ್ವ. "ತುಂಬಿದ್ರ ಮೂರು ಸಲ. ಇಳಿದ್ರ ಒಂದು ಸಲ. ಹತ್ತು ವರ್ಷ ಅದನ್ನೊಂದ ನೋಡೀನಿ."

ಅಕ್ಕೋರು ಅದನ್ನು ಬರೆದರು. ಪ್ರೋಗ್ರಾಂ ಬರೆದ ಮಂದಿಯ ಸಾಲಿನಲ್ಲಿ ಫಕೀರವ್ವನ ಹೆಸರೂ ಬರೆದರು.

ಆಮೇಲೆ?

ಅಕ್ಕೋರು ಪ್ರೋಗ್ರಾಂ ಕೊಟ್ಟರು. ಸಾವ್ಕಾರನ ಬೀಗ ಹಾಗೇ ಉಳಿಯಿತು. ಗೌಸ ಪೆಟ್ಟಿಗೆಗೆ ಮಾತು ಕಲಿಸಿದ. ಪೆಟ್ಟಿಗೆ ಫಕೀರವ್ವನ ಉಡಿಯಲ್ಲಿ ಗುಡ್ಡ ಹತ್ತಿ "ನೀರು ಬೇಕು" ಅಂದಿತು. ಮುದಕಪ್ಪನ ಪಂಪು ಎದ್ದಿತು. ಟಾಕಿ ತುಂಬಿತು. ಆಡು ಗಟಗಟ ಕುಡಿಯಿತು. ದೀಪ ಹತ್ತಿತು. ಮಿಣ್, ಮಿಣ್, ಮಿಣ್.

ಫಕೀರವ್ವ ಪೆಟ್ಟಿಗೆಯ ಹತ್ತಿರ ಕೂತಳು. ಗುಡ್ಡದ ಮೇಲೆ ಮತ್ಯಾರೂ ಇರಲಿಲ್ಲ.

"ತಿರುಗಿ ಬಂದೇನವ್ವಾ?" ಅಂದಳು ಪೆಟ್ಟಿಗೆಗೆ.