ಇಪ್ಪತ್ತು ಊರುಗಳ ಹೊತ್ತು

ಹೊಳೆದಂಡೆಯ ಆ ಮಠದಲ್ಲಿ ಹಸಿದು ಬಂದವರನ್ನು ಯಾಕಿಷ್ಟು ತಡ ಎಂದು ಯಾರೂ ಕೇಳುತ್ತಿರಲಿಲ್ಲ. ಏನಿಲ್ಲದಿದ್ದರೂ ಒಲೆಯ ಮೇಲೆ ಅಂಬಲಿ ಇರುತ್ತಿತ್ತು.

ಶಿಷ್ಯ ನಿರ್ವಾಣಯ್ಯ ಮಹಾ ಶಿಸ್ತಿನ ಮನುಷ್ಯ. ಪರದೇಶದ ಭಕ್ತರಿಗೆ ಫೋನ್ ಮಾಡುವಾಗ ಅವರ ನಿದ್ದೆ ಕೆಡಬಾರದೆಂದು, ಇಪ್ಪತ್ತು ಊರುಗಳ ಹೊತ್ತನ್ನು ನಮ್ಮ ಹೊತ್ತಿನ ಪಕ್ಕದಲ್ಲಿ ಬರೆದು, ದೊಡ್ಡ ಪಟ್ಟಿ ಮಾಡಿ ಅಡುಗೆಮನೆಯ ಗೋಡೆಗೆ ಅಂಟಿಸಿದ.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಪಟ್ಟಿಯ ಕೆಳಗೆ ಮಠದ ಊಟಕ್ಕೂ ಹೊತ್ತು ಗೊತ್ತುಮಾಡಿ ಬರೆದ. ಹನ್ನೆರಡರಿಂದ ಎರಡು, ಆಮೇಲೆ ಬೀಗ.

ಮರುದಿನ ಚಾಪೆ ಹೆಣೆಯುವ ಚೌಡವ್ವ ಆಚೆ ದಂಡೆಯಿಂದ ಬಂದಳು. ಹರಿಗೋಲು ತಡವಾಗಿತ್ತು. ನಿನ್ನೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ ಎಂದಳು. ಶಿಷ್ಯ ಗಡಿಯಾರ ತೋರಿಸಿ, ನಾಳೆ ಬಾ ಎಂದ. ಲಂಡನ್ನಿನವರ ನಿದ್ದೆಯ ಚಿಂತೆ ಇದ್ದ ಪುಣ್ಯಾತ್ಮನಿಗೆ ಎದುರಿಗಿದ್ದ ಹೊಟ್ಟೆ ಕಾಣಲಿಲ್ಲ.

ನಾಲ್ಕು ಗಂಟೆಗೆ ಗುರುಗಳು ಹೊಳೆಯಿಂದ ಮೇಲೆ ಬರುವಾಗ ಅವಳು ಮೆಟ್ಟಿಲ ಮೇಲೆ ತಲೆಸುತ್ತಿ ಬಿದ್ದಿದ್ದಳು. ನೀರು ಚಿಮುಕಿಸಿ ಎಬ್ಬಿಸಿದರು. ತೋಳು ಹಿಡಿದು ಅಡುಗೆಮನೆಯ ತನಕ ನಡೆಸಿಕೊಂಡು ಬಂದರು. ಬಾಗಿಲಿಗೆ ಬೀಗವಿತ್ತು.

ಗುರುಗಳ ದನಿ ಏರಿದ್ದನ್ನು ಮಠ ಅಂದು ಮೊದಲ ಸಲ ಕೇಳಿತು.

“ಯಾರು ಹಾಕಿದ್ದು ಇದನ್ನ?”

“ನಾನ ರೀ, ಅಜ್ಜಾರ. ಊಟದ ಹೊತ್ತು ಮುಗದಿತ್ತು.”

ಶಿಷ್ಯನಿಗೂ ಸಿಟ್ಟು ಬಂದಿತ್ತು. ಅಡುಗೆಯವರೂ ಮನುಷ್ಯರೇ, ಅವರೂ ಒಂದು ಗಳಿಗೆ ಬೆನ್ನು ನೆಲಕ್ಕೆ ಹಚ್ಚಬೇಡವೇ ಎಂದು ವಾದಿಸಿದ. ಮಠವೆಂದ ಮೇಲೆ ಒಂದು ನೇಮ ಬೇಡವೇ ಎಂದೂ ಕೇಳಿದ.

“ಅವರು ಮಲಗಲಿ. ನಿನಗ ಕೈ ಇಲ್ಲೇನು?”

ಬೀಗ ತೆಗೆಸಿದರು. ಚೌಡವ್ವನನ್ನು ಎಲೆಯ ಮುಂದೆ ಕೂರಿಸಿದರು. ಆಮೇಲೆ ಶಿಷ್ಯನ ರಟ್ಟೆ ಹಿಡಿದು ಪಟ್ಟಿಯ ಎದುರು ನಿಲ್ಲಿಸಿದರು.

“ಓದು. ಈಗ ಎಲ್ಲಿ ಊಟದ ಹೊತ್ತು?”

ಶಿಷ್ಯ ಬೆರಳಿಟ್ಟು ಹುಡುಕಿದ. “ನೈರೋಬಿಯಾಗ ಒಂದೂವರಿ ರೀ. ಟೋಕಿಯೋದಾಗ ಏಳೂವರಿ, ರಾತ್ರಿ ಊಟ.”

“ನಮಗ ರಾತ್ರಿ ಹತ್ತು ಆದಾಗ?”

“ರಿಯೋದಾಗ ಮಧ್ಯಾಹ್ನ ಒಂದೂವರಿ.” ಅವನ ದನಿ ಇಳಿದಿತ್ತು.

ಗುರುಗಳ ಸಿಟ್ಟು ಇಳಿದಿರಲಿಲ್ಲ. ಸೌಟು ತೆಗೆದು ಅವನ ಕೈಗೆ ತುರುಕಿದರು.

“ಜಗತ್ತಿನಾಗ ಎಲ್ಲೂ ಊಟದ ಹೊತ್ತಲ್ಲದ ಒಂದು ಗಳಿಗಿ ಈ ಪಟ್ಟಿಯೊಳಗ ಹುಡುಕಿ ತೋರಸು, ಆಗ ಬೀಗ ಹಾಕುವಿಯಂತ. ಅಲ್ಲೀತನಕ ಬಡಸು.”