ಏಟಿನ ಹೆಸರು ಕೂಗುವವನು

ಹೊಳೆಯ ದಂಡೆಯಲ್ಲಿ ಪಂಪಾಪತಿ ಗುರುಗಳ ಗರಡಿ ಇತ್ತು. ಅಲ್ಲಿ ಅವರು ನಾಟಕದ ಹುಡುಗರಿಗೆ ಕತ್ತಿವರಸೆ ಕಲಿಸುತ್ತಿದ್ದರು. ರಂಗದ ಮೇಲೆ ರಾಜರು ಕಾದಾಡಬೇಕು, ಒಬ್ಬ ಸಾಯಬೇಕು, ಆಟ ಮುಗಿದ ಮೇಲೆ ಸತ್ತವನೂ ಎದ್ದು ಊಟಕ್ಕೆ ಬರಬೇಕು. ಅಷ್ಟೇ ಅವರ ವಿದ್ಯೆ.

ಆ ಗರಡಿಯಲ್ಲಿ ಒಂದು ಪದ್ಧತಿ. ಪ್ರತಿ ಏಟಿಗೂ ಒಂದು ಹೆಸರು: ನೆತ್ತಿ, ಹೆಗಲು, ಪಕ್ಕೆ, ತೊಡೆ, ಸುಳ್ಳೇಟು. ಹೆಸರು ಕೂಗಬೇಕಾದವನು ಹೊಡೆಯುವವನಲ್ಲ, ಏಟು ತಡೆಯುವವನು. ಅವನು ಕೂಗಿದ ಮೇಲೆಯೇ ಹೊಡೆಯುವವನು ಕತ್ತಿ ಎತ್ತಬೇಕು.

ಕೆಂಚಪ್ಪನೆಂಬ ಶಿಷ್ಯನಿಗೆ ಇದು ಸರಿಬರಲಿಲ್ಲ.

"ಎಲ್ಲಿ ಹೊಡೀಲಿ ಅಂತ ವೈರಿನ್ನ ಕೇಳಿ ಹೊಡೆಯೋ ರಾಜನ್ನ ನೀವು ಎಲ್ಲ್ಯಾದ್ರೂ ನೋಡೀರೇನ್ರಿ, ಗುರುಗಳೇ?"

"ಇಲ್ಲಪ್ಪ. ಕೇಳದೇ ಹೊಡೆಯೋ ರಾಜನ ಜೊತಿ ಎರಡನೇ ಸಲ ಆಟ ಕಟ್ಟಿದವರನ್ನೂ ನೋಡಿಲ್ಲ" ಎಂದರು ಗುರುಗಳು.

ಕೆಂಚಪ್ಪ ನಕ್ಕುಬಿಟ್ಟ. ಮಾತು ಅವನ ತಲೆಗೆ ಹೋಗಲಿಲ್ಲ.

ಆಟದಲ್ಲಿ ಕೆಂಚಪ್ಪ ಒಬ್ಬ ರಾಜ, ಅವನ ಎದುರಾಳಿ ರಾಜ ಗಾದಿಲಿಂಗ. ಚಿಕ್ಕಂದಿನಿಂದ ಒಂದೇ ತಟ್ಟೆಯಲ್ಲಿ ಉಂಡ ಗೆಳೆಯ. ಒಂದು ಮುಂಜಾನೆ ಅಭ್ಯಾಸಕ್ಕೆ ಊರ ಜನ ಬಂದು ನಿಂತಿದ್ದರು. ಜನರನ್ನು ಕಂಡು ಕೆಂಚಪ್ಪನಿಗೆ ಹುರುಪು ಏರಿತು. ಗಾದಿಲಿಂಗ ಬಾಯಿ ತೆರೆಯುವ ಮೊದಲೇ ನೆತ್ತಿಯ ಏಟು ಹಾಕಿಬಿಟ್ಟ. ಮೊಂಡು ಕತ್ತಿಯೇ ಆದರೂ ಗೆಳೆಯನ ಹುಬ್ಬು ಸೀಳಿತು.

ಗಾಯವೇನೋ ಮಾಯಿತು. ಆದರೆ ಕೆಂಚಪ್ಪ ಕತ್ತಿ ಎತ್ತಿದರೆ ಸಾಕು, ಗಾದಿಲಿಂಗನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಕೊನೆಗೆ ಅವನು ಕತ್ತಿ ಕೆಳಗಿಟ್ಟ.

"ನನಗ ಮಂತ್ರಿ ಪಾತ್ರ ಕೊಡ್ರಿ, ಗುರುಗಳೇ. ಕತ್ತಿ ಒಲ್ಲೆ."

ಕೆಂಚಪ್ಪನಿಗೆ ಅನ್ನ ಸೇರಲಿಲ್ಲ. ಆಟ ಕೆಡುತ್ತದೆಂಬ ಚಿಂತೆಗಿಂತ, ಗೆಳೆಯ ತನ್ನನ್ನು ಕಂಡು ಪಕ್ಕಕ್ಕೆ ಸರಿದು ಹೋಗುತ್ತಾನಲ್ಲ ಎಂಬ ಸಂಕಟವೇ ದೊಡ್ಡದಾಗಿತ್ತು.

"ಗುರುಗಳೇ, ಅವನಿಗೆ ಒಂಚೂರು ಧೈರ್ಯ ಕಲಿಸ್ರಿ."

ಗುರುಗಳು ಕತ್ತಿ ತೆಗೆದುಕೊಂಡರು. "ಬಾ, ಎದುರಿಗೆ ನಿಲ್ಲು. ಹೆಸರು ಕೂಗು."

"ತೊಡೆ!"

ಕತ್ತಿ ತೊಡೆಗೆ ಬರಲಿಲ್ಲ. ನೆತ್ತಿಯ ಮೇಲೆ ಬಂದು, ಕೂದಲಿಗೆ ತಾಗುವಷ್ಟರಲ್ಲಿ ನಿಂತಿತು. ಕೆಂಚಪ್ಪ ಗಟ್ಟಿಯಾಗಿ ಕಣ್ಣು ಮುಚ್ಚಿದ್ದ.

"ಇನ್ನೊಂದು ಕೂಗು."

ಕೆಂಚಪ್ಪ ಕಣ್ಣು ತೆರೆದು ಗುರುಗಳ ಕತ್ತಿಯನ್ನೇ ನೋಡಿದ. "ಕೂಗಾಕ ಬರವಲ್ದ್ರಿ."

"ಯಾಕ? ಹೆಸರು ಮರೆತೇನು?"

"ಹೆಸರು ಗೊತ್ತೈತ್ರಿ. ನೀವು ಎಲ್ಲಿ ಹೊಡೀತೀರೋ ಅದು ಗೊತ್ತಿಲ್ಲ."

"ನಾನು ನಿನ್ನ ಗುರು ಅಲ್ಲೇನು?"

"ಹೌದ್ರಿ. ಆದರೂ..."

ಗುರುಗಳು ಕತ್ತಿಯನ್ನು ಅವನ ಕೈಗೆ ಕೊಟ್ಟು, ಮುಖ ತೊಳೆಯಲು ಹೊಳೆಗೆ ಇಳಿದರು.

ಮರುದಿನ ಕೆಂಚಪ್ಪ ಗಾದಿಲಿಂಗನ ಮುಂದೆ ಕತ್ತಿ ಇಳಿಬಿಟ್ಟು ನಿಂತ.

"ತಪ್ಪು ನಂದು, ಲಿಂಗ. ನೀ ಕೂಗೋತನಕ ನಾ ಎತ್ತಂಗಿಲ್ಲ."

ಗಾದಿಲಿಂಗ ಕೂಗಲಿಲ್ಲ. ಹೊತ್ತು ಏರಿತು. ಕೆಂಚಪ್ಪ ನಿಂತೇ ಇದ್ದ. ಅದರ ಮರುದಿನವೂ ಬಂದು ನಿಂತ. "ರಾಜರು ಯುದ್ಧ ಬಿಟ್ಟು ಹೊಲ ಕಾಯಾಕ ನಿಂತಾರ" ಎಂದು ಉಳಿದವರು ಕಾಲೆಳೆದರು. ಕೆಂಚಪ್ಪನಿಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. ಆದರೂ ಕತ್ತಿ ಎತ್ತಲಿಲ್ಲ.

ಹೀಗೇ ಹಲವು ದಿನ ಕಳೆದವು. ಒಂದು ಮುಂಜಾನೆ ಗಾದಿಲಿಂಗ ಮೂಲೆಯಲ್ಲಿದ್ದ ತನ್ನ ಕತ್ತಿ ಎತ್ತಿಕೊಂಡು ಎದುರಿಗೆ ಬಂದ. ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ ಅಂದ:

"ತೊಡೆ."

ಕೆಂಚಪ್ಪನ ಕತ್ತಿ ತೊಡೆಗೇ ಹೋಯಿತು, ಗೇಣು ದೂರದಲ್ಲಿ ನಿಂತಿತು.

"ಪಕ್ಕೆ." ಪಕ್ಕೆಗೇ ಹೋಯಿತು.

"ಹೆಗಲು." ಈ ಸಲ ಕತ್ತಿಗೆ ಕತ್ತಿ ತಾಗಿ ಠಣ್ಣೆಂದಿತು.

ಗಾದಿಲಿಂಗ ಉಸಿರು ಬಿಟ್ಟು, ಗರಡಿಯೆಲ್ಲ ಕೇಳುವಂತೆ ಕೂಗಿದ: "ನೆತ್ತಿ!"

ಅವನ ಕಣ್ಣು ತೆರೆದೇ ಇತ್ತು. ಕೆಂಚಪ್ಪನ ಕಣ್ಣಲ್ಲಿ ನೀರು ತುಂಬಿತು. "ಲೇ, ನೆಟ್ಟಗೆ ನೋಡಿ ಹೊಡಿಯೋ" ಎಂದು ಗಾದಿಲಿಂಗ ಬೈದ. ಬೈಸಿಕೊಂಡು ಕೆಂಚಪ್ಪನಿಗೆ ಹಬ್ಬವಾದಷ್ಟು ಸಂತೋಷವಾಯಿತು.

ಆಟದ ದಿನ ಸಂಜೆ ಗುರುಗಳು ಇಬ್ಬರು ರಾಜರಿಗೂ ಪೇಟ ಸುತ್ತುತ್ತಿದ್ದರು. ಕೆಂಚಪ್ಪನಿಗೆ ಒಮ್ಮೆಲೇ ದಿಗಿಲಾಯಿತು.

"ಗುರುಗಳೇ, ಜನರ ಮುಂದ ಇವ ಹೆಸರು ಕೂಗಂಗಿಲ್ಲಲ್ರಿ. ಆವಾಗ ಹೆಂಗ?"

"ಅವನ ಕಣ್ಣು ನೋಡು. ಏಟು ಎಲ್ಲಿಗೆ ಬೇಕಂತ ಅದು ಹೇಳ್ತೈತಿ."

"ನಡುವ ಅವನ ಕಣ್ಣು ಮುಚ್ಚಿದ್ರ?"

ಗುರುಗಳು ಪೇಟದ ತುದಿಯನ್ನು ಒಳಗೆ ಸಿಕ್ಕಿಸಿದರು.

"ಯುದ್ಧ ಅಲ್ಲೇ ನಿಲ್ಲಿಸು, ಮಗಾ. ರಾಜ್ಯ ಹೋದ್ರ ಹೋಗಲಿ."